ವಾಚಿಗೆ ಹುಣಸೆಹಣ್ಣು

ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಸಾಕವ್ವ, ತೀರಿಕೊಂಡ ಗಂಡನ ವಾಚು ಹಿಡಿದು ಶೇಷಗಿರಿಯ ಅಂಗಡಿಗೆ ಹೋದಳು. ಅದು ಅವಳ ಮಾವನ ಕಾಲದ್ದು. ಹಳೇ ವಾಚು ಕೊಂಡು ಮಾರುವುದರಲ್ಲಿ ತನ್ನಂಥವನಿಲ್ಲ ಎಂದು ಶೇಷಗಿರಿಗೆ ಬಲು ಜಂಬ.

“ಡಯಲ್ಲು ಹಳದಿಯಾಗಿದೆ, ಮೈಯೆಲ್ಲ ಗೀರು. ಇದು ಗುಜರಿ ಕಣಮ್ಮ. ಇನ್ನೂರು ಕೊಡ್ತೀನಿ, ಇಟ್ಟು ಹೋಗು” ಎಂದ.

ಸಾಕವ್ವ ಚೀಲದಿಂದ ಹುಣಸೆಹಣ್ಣು ತೆಗೆದಳು. “ನಿಜ ಸ್ವಾಮಿ. ಇದರಲ್ಲಿ ತಿಕ್ಕಿ ಫಳಫಳ ಅನ್ನಿಸ್ತೀನಿ. ಡಯಲ್ಲಿಗೆ ನಮ್ಮ ಬೀದಿ ಪೇಂಟರ್ ಹತ್ರ ಬಿಳಿ ಬಣ್ಣ ಬಳಿಸ್ತೀನಿ.”

ಶೇಷಗಿರಿ ಕುರ್ಚಿಯಿಂದ ಜಿಗಿದೆದ್ದ. “ಅಯ್ಯೋ, ಮುಟ್ಟಬೇಡ! ಅದು ಕಂಪನಿಯ ಅಸಲಿ ಡಯಲ್ಲು! ಬಣ್ಣ ಬಿದ್ರೆ ಬೆಲೆಯೆಲ್ಲ ಹೋಯ್ತು!”

“ಎಷ್ಟು ಹೋಗುತ್ತೆ ಸ್ವಾಮಿ?”

“ನಲವತ್ತು ಸಾವಿರ!” ಅಂದವನು ನಾಲಿಗೆ ಕಚ್ಚಿಕೊಂಡ.

ಸಾಕವ್ವ ವಾಚನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು. ಮಾರಲಿಲ್ಲ.

ಮನೆಗೆ ಬಂದು ಹುಣಸೆಹಣ್ಣನ್ನು ಸಾರಿಗೆ ನೆನೆಹಾಕಿದಳು. ಒಬ್ಬಳಿಗೆ ಒಂದು ಚೂರು ಸಾಕಾಯಿತು. ವಾಚಿಗೆ ಕೀ ಕೊಟ್ಟು ಗಂಡನ ಮಣೆಯ ಮೇಲಿಟ್ಟಳು.

“ಇದು ಬೆಲೆಬಾಳೋ ವಾಚು ಅಂತ ನೀವು ಅಂದಾಗಲೆಲ್ಲ ನಕ್ಕಿದ್ದೆ. ನೀವೇ ಗೆದ್ರಿ ಕಣ್ರೀ” ಎಂದಳು.

ವಾಚು ಟಿಕ್ ಟಿಕ್ ಅಂದಿತು. ಗೆದ್ದೆ ಎಂದು ಬೀದಿಗೆಲ್ಲ ಸಾರಿಕೊಂಡು ಬರುವವನು ಮಾತ್ರ ಇರಲಿಲ್ಲ.