ಬೆಳ್ಳಿಗೆ ಇಳಿಯಬೇಕಾದ ಹೆಸರು

ನದಿಯ ದಂಡೆಯ ಮೇಲೆ ಒಬ್ಬ ಅಕ್ಕಸಾಲಿಗ ಗುರುಗಳಿದ್ದರು, ಕಾಳಪ್ಪಾಚಾರ್ಯರು. ತ್ರ್ಯಂಬಕನೆಂಬ ಶಿಷ್ಯ ಅವರ ಬಳಿ ಏಳು ವರ್ಷದಿಂದ ಕೆಲಸ ಕಲಿಯುತ್ತಿದ್ದ.

ಒಂದು ಬೆಳಿಗ್ಗೆ ಭಾಗೀರಥಮ್ಮ ಎಂಬ ವೃದ್ಧೆ ಬಂದು ಗೇಣುದ್ದದ ಲೇಸಿನ ಪಟ್ಟಿಯೊಂದನ್ನು ಅವರ ಮುಂದಿಟ್ಟಳು. ತೀರಿಹೋದ ಮಗಳು ಕ್ರೋಶಾ ಕಡ್ಡಿಯಲ್ಲಿ ಹೆಣೆದದ್ದು. ಬಳ್ಳಿಯ ನಡುವೆ ಅವಳದೇ ಹೆಸರು, ಇಂದುಮತಿ. ಅದನ್ನು ಹಾಗೆಯೇ ಬೆಳ್ಳಿಯ ಮೇಲೆ ಮೂಡಿಸಿ ಮೊಮ್ಮಗಳಿಗೆ ಕಡಗ ಮಾಡಿಕೊಡಬೇಕಂತೆ. ತಾಯಿಯದೆಂದು ಆ ಹುಡುಗಿಯ ಬಳಿ ಬೇರೇನೂ ಇರಲಿಲ್ಲ.

"ಲೇಸು ಉಳಿಯುತ್ತದಾ, ಆಚಾರ್ರೆ?"

"ಇಲ್ಲ ತಾಯಿ. ಎರಡು ಉಕ್ಕಿನ ಉರುಳೆಗಳ ನಡುವೆ ಹೋದರೆ ನೂಲು ನುಜ್ಜಾಗುತ್ತದೆ. ಒಂದೇ ಸಲ ಆಗುವ ಕೆಲಸ."

ವೃದ್ಧೆ ಲೇಸನ್ನು ಒಮ್ಮೆ ಸವರಿ ಅಲ್ಲಿಯೇ ಬಿಟ್ಟಳು. ನಾಲ್ಕನೆಯ ದಿನ ಬರುತ್ತೇನೆ, ನನ್ನ ಕಣ್ಣೆದುರೇ ಆಗಲಿ ಎಂದು ಹೇಳಿ ಹೋದಳು.

ಗುರುಗಳು ಅದನ್ನು ಶಿಷ್ಯನ ಕೈಗೆ ಕೊಟ್ಟರು.

ಇದೊಂದನ್ನು ತಾವೇ ಮಾಡಿ ಎಂದು ತ್ರ್ಯಂಬಕ ಬೇಡಿಕೊಂಡ. ಗುರುಗಳು ತಮ್ಮ ಕೆಲಸಕ್ಕೆ ತಿರುಗಿದರು.

ಅವನು ಸಂತೆಯ ಲೇಸು ತಂದು, ತಾಮ್ರದ ತಗಡುಗಳ ಮೇಲೆ ಹಾಸಿ, ಹಿಡಿಕೆ ತಿರುಗಿಸಿ ಉರುಳೆಗಳ ನಡುವೆ ಹಾಯಿಸಿ ಅಭ್ಯಾಸ ಮಾಡಿದ. ಹನ್ನೊಂದು ತಗಡುಗಳಾದವು. ಎಲ್ಲದರಲ್ಲೂ ಹೂಬಳ್ಳಿ ಸ್ಫುಟವಾಗಿ ಮೂಡಿತ್ತು. ಎಲ್ಲದರ ನಡುವೆಯೂ ಒಂದು ಅಡ್ಡಗೆರೆ ಬಿದ್ದಿತ್ತು.

"ಈ ಗೆರೆ ಎಲ್ಲಿಂದ ಬಂತು?"

"ಹಿಡಿಕೆ ನಿಲ್ಲಿಸಿದ ಕಡೆ ಉರುಳೆ ಕಚ್ಚುತ್ತದೆ, ಗುರುಗಳೇ."

"ನಿಲ್ಲಿಸಿದ್ದು ಏಕೆ?"

"ಸರಿಯಾಗಿ ಬರುತ್ತಿದೆಯೋ ಇಲ್ಲವೋ ನೋಡಲು."

"ಬರುತ್ತಿತ್ತೇ?"

"ಬರುತ್ತಿತ್ತು."

"ಮಗು ನಿದ್ದೆ ಹೋಯಿತೇ ಎಂದು ಎಬ್ಬಿಸಿ ಕೇಳುವ ಅಜ್ಜಿ ಕಣಯ್ಯ ನೀನು."

ಗುರುಗಳು ತಗಡಿನ ಮೇಲೆ ಬೆರಳಾಡಿಸಿದರು. "ಬಳ್ಳಿ ನೂಲಿನದು. ಈ ಗೆರೆಯೊಂದೇ ನಿನ್ನದು."

ಇನ್ನು ನಿಲ್ಲಿಸುವುದಿಲ್ಲ ಎಂದು ತ್ರ್ಯಂಬಕ ಮಾತು ಕೊಟ್ಟ. ಹನ್ನೆರಡನೆಯ ತಗಡಿನಲ್ಲೂ ಗೆರೆ ಬಿತ್ತು.

ನಾಲ್ಕನೆಯ ದಿನ ಭಾಗೀರಥಮ್ಮ ಬಂದು ಗೋಡೆಗೊರಗಿ ಕುಳಿತಳು.

ತ್ರ್ಯಂಬಕ ಬೆಳ್ಳಿಯ ತಗಡನ್ನು ಕಾಯಿಸಿ ಮೆದು ಮಾಡಿದ. ಹೆಸರು ನೇರವಾಗಿ ಓದುವಂತೆ ಲೇಸನ್ನು ಅದರ ಮೇಲೆ ಹಾಸಿದ. ಉರುಳೆಯ ತಿರುಪು ಬಿಗಿಮಾಡಿದ. ಸಡಿಲಿಸಿದ. ಮತ್ತೆ ಬಿಗಿಮಾಡಿದ. ಮತ್ತೆ ಚಾಚಿದ ಕೈಯನ್ನು ಗುರುಗಳು ಸರಿಸಿ, ಉರುಳೆಯ ಆಚೆ ಬದಿಗೆ ಹೋಗಿ ನಿಂತರು.

ಅವನು ಹಿಡಿಕೆ ತಿರುಗಿಸಿದ. ಉರುಳೆ ತಗಡನ್ನು ಒಳಗೆಳೆದುಕೊಂಡಿತು.

ಅರ್ಧಕ್ಕೆ ಬರುವಾಗ ಅವನ ತೋಳು ಭಾರವಾಯಿತು. ಈಗ ಹೆಸರಿನ ಸರದಿ. ತಗಡು ಹೊರಬರುತ್ತಿದ್ದುದು ಗುರುಗಳ ಕಣ್ಣೆದುರು. ಅವನಿಗೆ ಕಾಣುತ್ತಿದ್ದುದು ಬಾಯಿಗೆ ಸೆರಗು ಒತ್ತಿಕೊಂಡಿದ್ದ ವೃದ್ಧೆ ಮಾತ್ರ.

"ಗುರುಗಳೇ, ಬರುತ್ತಿದೆಯೇ?"

ಗುರುಗಳು ನದಿಯ ಕಡೆ ಮುಖ ತಿರುಗಿಸಿದರು.

"ಗುರುಗಳೇ?"

ಗುರುಗಳು ಅತ್ತಲೇ ನೋಡುತ್ತಿದ್ದರು. ತ್ರ್ಯಂಬಕನ ಕೈಯಲ್ಲಿ ಹಿಡಿಕೆ ತಿರುಗುತ್ತಲೇ ಇತ್ತು. ಕೊನೆಗೆ ತಗಡು ಪೂರ್ತಿ ಆಚೆ ಬಂದು ಬಿತ್ತು.

ಗುರುಗಳು ನುಜ್ಜಾದ ನೂಲನ್ನು ಬಿಡಿಸಿ ಬೆಳ್ಳಿಯನ್ನು ವೃದ್ಧೆಯ ಕೈಗಿತ್ತರು. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಉಗುರು ಎಳೆದಳು. ಉಗುರಿಗೆ ಎಲ್ಲಿಯೂ ಅಡ್ಡಗೆರೆ ಸಿಗಲಿಲ್ಲ. ಹೆಸರಿನ ಬಳಿ ಬೆರಳು ತಾನಾಗಿಯೇ ನಿಂತಿತು.

"ಇಲ್ಲೊಂದು ಹೆಣಿಗೆ ತಪ್ಪಿದ್ದಳು. ಅವತ್ತು ಬೈದಿದ್ದೆ," ಎಂದಳು. "ಅದೂ ಬಂದಿದೆ."

ಅವಳು ಹೋದ ಮೇಲೆ ತ್ರ್ಯಂಬಕ ಬೆಳ್ಳಿಯನ್ನು ಕಡಗಕ್ಕೆ ಬಾಗಿಸಲು ಎತ್ತಿಕೊಂಡ.

"ಎರಡು ಸಲ ಕೇಳಿದೆ, ಗುರುಗಳೇ. ಒಂದು ಧೈರ್ಯದ ಮಾತು ಹೇಳಬಹುದಿತ್ತು."

"ಹೇಳಿದ್ದರೆ, ಕೇಳಿಸಿಕೊಳ್ಳಲು ನೀನು ಹಿಡಿಕೆ ನಿಲ್ಲಿಸುತ್ತಿದ್ದೆ."