ಭರಣಿಗೆ ಸಿಕ್ಕ ಸೀಟು

ಕರಡಿರಾಯನು ಕಾರಿನ ಹಿಂಬದಿಯಲ್ಲಿದ್ದ ಮಗುವಿನ ಸೀಟಿನಲ್ಲಿ ಜೇನಿನ ಭರಣಿಯನ್ನು ಕೂರಿಸಿ ಬೆಲ್ಟು ಬಿಗಿದನು. ಮರಿಯನ್ನು ಮುಂದೆ ಕುಳಿತ ಹೆಂಡತಿಯ ತೊಡೆಯ ಮೇಲೆ ಕೂರಿಸಿ ಹೊರಟನು.

ಹಿಂದೆ ಕುಳಿತಿದ್ದ ನೆರೆಮನೆಯ ಆಮೆ, "ಸ್ವಾಮಿ, ಈ ಸೀಟು ಮರಿಯದಲ್ಲವೇ?" ಎಂದು ಕೇಳಿತು.

"ಮರಿಯನ್ನು ಹಿಡಿಯಲು ತಾಯಿಯ ತೋಳಿದೆ. ಪಾಪ, ಭರಣಿಗೆ ಯಾರಿದ್ದಾರೆ?" ಎಂದನು ಕರಡಿರಾಯ.

ಅಷ್ಟರಲ್ಲಿ ಮೊಲವೊಂದು ರಸ್ತೆಗೆ ಅಡ್ಡ ಬಂತು. ಬ್ರೇಕ್ ಒತ್ತಿದ ರಭಸಕ್ಕೆ ಮರಿ ತಾಯಿಯ ತೋಳಿನಿಂದ ಚಿಮ್ಮಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಮೂತಿಯಿಂದ ರಕ್ತ ಸುರಿಯಿತು.

ಕರಡಿರಾಯನು ಹಿಂದೆ ತಿರುಗಿ, "ನೋಡಿದಿರಾ, ಜೇನು ಒಂದು ಹನಿಯೂ ಚೆಲ್ಲಿಲ್ಲ!" ಎಂದು ಬೀಗಿದನು.

ಹೆಂಡತಿ ಕೆಳಗಿಳಿದು ಭರಣಿಯನ್ನು ತೆಗೆದು ಗಂಡನ ತೊಡೆಯ ಮೇಲಿಟ್ಟಳು. ಅಳುವ ಮರಿಯನ್ನು ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದು, "ಭರಣಿಗೆ ನೀವಿದ್ದೀರಲ್ಲ. ಆಸ್ಪತ್ರೆಗೆ ನಡೆಯಿರಿ" ಎಂದಳು.