ಊದುಬತ್ತಿ ಹೇಳಿದ ಸತ್ಯ

ಸಾಹೇಬರು ತಾವೇ ಪ್ಲೈವುಡ್ ಕೊಯ್ದು ಪುಟ್ಟ ಸ್ಪೀಕರ್ ಡಬ್ಬ ಮಾಡಿ ಕಚೇರಿಗೆ ತಂದರು. ಹಾಡು ಹಾಕಿದರೆ ಬಾಸ್ ಎಂಬ ದಪ್ಪ ದನಿಯೇ ಇಲ್ಲ, ಬರೀ ಸೊಳ್ಳೆಯ ಗುಂಯ್.

"ನನ್ನ ಡಬ್ಬದಲ್ಲಿ ದೋಷವಿಲ್ಲ. ಸಂಜೆಯೊಳಗೆ ಎದೆ ನಡುಗೋ ಹಾಗೆ ಬಾಸ್ ಬರಬೇಕು!" ಎಂದು ಜವಾನ ದುರುಗಪ್ಪನ ಮೇಲೆ ಗುಡುಗಿದರು.

ದುರುಗಪ್ಪನ ಎದೆ ಆಗಲೇ ನಡುಗುತ್ತಿತ್ತು. ಡಬ್ಬದ ಸಂದಿಗಳಲ್ಲಿ ಗಾಳಿ ಸೋರಿ ಬಾಸ್ ಹೋಗುತ್ತಿರುವುದು ಅವನಿಗೆ ಗೊತ್ತು. ಆದರೆ ಸಾಹೇಬರ ತಪ್ಪು ತೋರಿಸಿದ ಗುಮಾಸ್ತ ಹೋದ ತಿಂಗಳಷ್ಟೇ ಎತ್ತಂಗಡಿಯಾಗಿದ್ದ.

"ಹೊಸ ವಸ್ತು ಸರ್, ಮೊದಲು ಪೂಜೆ ಆಗಲಿ" ಎಂದವನೇ ಹಾಡು ಹಾಕಿ, ಊದುಬತ್ತಿ ಹಚ್ಚಿ ಡಬ್ಬದ ಸುತ್ತ ಬೆಳಗಿದ. ಸಂದಿ ಬಂದಲ್ಲೆಲ್ಲ ಒಳಗಿಂದ ನುಗ್ಗಿದ ಗಾಳಿಗೆ ಹೊಗೆ ಚೆಲ್ಲಾಪಿಲ್ಲಿಯಾಯಿತು.

ಸಾಹೇಬರು ಬಗ್ಗಿ ನೋಡಿದರು. ಮುಖ ಕೆಂಪಾಯಿತು. ಮೇಣ ತರಿಸಿ ತಾವೇ ಮೆತ್ತಿದರು. ಬಾಸಿಗೆ ಮೇಜು ಅದುರಿತು.

"ಮೊದಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ನಾನು ಹೆಂಡತಿ ಮಕ್ಕಳಿರೋನು ಸರ್. ಹೊಗೆಗಾದರೆ ಎತ್ತಂಗಡಿ ಭಯವಿಲ್ಲ."